ಮಸ್ಕತ್ತಿನ ಡ್ರಾಯರಿನಲ್ಲಿ ನನ್ನ ಮಲ್ಲಿಗೆ ತೋಟ

ಪಡೀಲ್

ವಿದೇಶಕ್ಕೆ ಹೋಗಿ ಬಂದವರು ಸಾಧಾರಣವಾಗಿ ಖುಷಿಯಿಂದ ಬರೆಯುತ್ತಾರೆ. ನಾನು ಸಿಟ್ಟಿನಿಂದ ಬರೆಯುತ್ತಿದ್ದೇನೆ. ಒಮಾನ್ ದೇಶ ಚೆನ್ನಾಗಿಲ್ಲವೆಂದಲ್ಲ. ರಸ್ತೆಗಳು ನಮ್ಮ ಇಗರ್ಜಿಯ ನೆಲಕ್ಕಿಂತ ನುಣುಪು, ಜನ ಮರ್ಯಾದಸ್ಥರು, ಖರ್ಜೂರ ಎಷ್ಟು ಬೇಕಾದರೂ ಸಿಗುತ್ತದೆ. ಸಿಟ್ಟು ಬಂದದ್ದು ಅಲ್ಲಿ ನನಗೆ ಸಿಕ್ಕಿದ ಒಂದು ಹಳೆಯ ಮೊಬೈಲ್ ಫೋನಿನಿಂದ.

ಮೊದಲು ನನ್ನ ವಿಷಯ ಹೇಳಿಬಿಡುತ್ತೇನೆ. ಹೆಸರು ಸಿಲ್ವಿಯಾ, ವಯಸ್ಸು ಐವತ್ತೆರಡು. ಮಂಗಳೂರಿನ ಪಡೀಲಿನಲ್ಲಿ ನಮ್ಮ ಮನೆಯ ಹಿಂದೆ ನಲವತ್ತು ಸೆಂಟ್ಸ್ ಜಾಗವಿದೆ. ಅದರಲ್ಲಿ ಮಲ್ಲಿಗೆ ಇದೆ. ಗುಂಡಿ ತೋಡಿದವಳು ನಾನು, ಗಿಡ ನೆಟ್ಟವಳು ನಾನು, ಬೆಳಕು ಹರಿಯುವ ಮೊದಲು ಮೊಗ್ಗು ಕೊಯ್ದು ಬಾಳೆನಾರಿನಲ್ಲಿ ಕಟ್ಟಿ ಹಂಪನಕಟ್ಟೆಯ ಹೂವಿನ ಅಂಗಡಿಗೆ ಬಸ್ಸಿನಲ್ಲಿ ಕೊಂಡುಹೋಗುವವಳೂ ನಾನೇ. ಆದರೆ ಜಾಗದ ಆರ್‌ಟಿಸಿಯಲ್ಲಿ ಹೆಸರಿರುವುದು ನನ್ನ ಗಂಡ ರೊನಾಲ್ಡ್‌ನದು. ರೋನಿ ಇಪ್ಪತ್ತೇಳು ವರ್ಷಗಳಿಂದ ಮಸ್ಕತ್ತಿನ ಒಂದು ಕಂಪನಿಯಲ್ಲಿ ಸ್ಟೋರ್ ಕೀಪರ್. ವರ್ಷಕ್ಕೆ ಒಂದು ತಿಂಗಳು ಬರುತ್ತಾನೆ. ಬಂದಾಗ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ತೋಟದ ಮಧ್ಯೆ ಕೂತು, "ಗಿಡ ಲಾಯ್ಕ ಉಂಟು ಸಿಲ್ವಿ" ಎಂದು ಹೇಳಿ ಹೋಗುತ್ತಾನೆ. ಅವನ ಕೃಷಿ ಅಷ್ಟೇ.

ಕಳೆದ ಮಳೆಗಾಲದ ನಂತರ ಗಿಡಗಳು ಸೊರಗಲು ಶುರುವಾದವು. ಮೊದಲು ಒಂದು ಕೊಂಬೆಯ ಎಲೆ ಹಳದಿಯಾಗುತ್ತಿತ್ತು, ಆಮೇಲೆ ಇಡೀ ಗಿಡ ಜೋಲುತ್ತಿತ್ತು. ಕಿತ್ತು ನೋಡಿದರೆ ಬೇರು ಕಪ್ಪು. ಬಂದರಿನ ಗೊಬ್ಬರದ ಅಂಗಡಿಯವನು ಕೊಟ್ಟ ಔಷಧಿ ಹಾಕಿದೆ. ಇನ್ನೂ ಎರಡು ಸಾಲು ಹೋಯಿತು. ನೂರಿಪ್ಪತ್ತು ಗಿಡಗಳಲ್ಲಿ ಮೂವತ್ತೆಂಟು ಸತ್ತ ಮೇಲೆ, ಜನವರಿಯಲ್ಲಿ, ಕೃಷಿಕರಿಗೆ ಸಲಹೆ ಕೊಡುವ ಒಂದು ಕಚೇರಿಗೆ ಹೋದೆ. ಕಚೇರಿಯ ಹೆಸರು ಬೇಡ. ಅಲ್ಲಿನ ಗುಮಾಸ್ತ ಒಳ್ಳೆಯ ಮನುಷ್ಯನೇ. ಅರ್ಜಿ ತೆಗೆದುಕೊಂಡ.

"ಸಾರ್ ಬಂದು ತೋಟ ನೋಡ್ತಾರೆ ಅಮ್ಮ. ಬರುವ ಮೊದಲು ಫೋನ್ ಮಾಡ್ತಾರೆ."

"ನನ್ನ ನಂಬರ್ ಬರ್ಕೊಳ್ಳಿ," ಎಂದೆ.

"ಅದು ಆಗುದಿಲ್ಲ. ಆರ್‌ಟಿಸಿಯಲ್ಲಿ ಯಾರ ಹೆಸರು ಉಂಟೋ ಅವರ ನಂಬರೇ ಇರುದು. ಎರಡು ಸಲ ಫೋನ್ ಎತ್ತದಿದ್ರೆ ಅರ್ಜಿ ತನ್ನಷ್ಟಕ್ಕೇ ಮುಚ್ಚಿ ಹೋಗ್ತದೆ."

"ಅವರು ಮಸ್ಕತ್ತಿನಲ್ಲಿದ್ದಾರೆ ಮಾರಾಯ್ರೆ!"

"ಹಾಗಾದ್ರೆ ನಂಬರ್ ಬದಲಿಸಿ. ಅವರ ಫೋನಿಗೆ ಒಟಿಪಿ ಬರ್ತದೆ, ಹತ್ತು ನಿಮಿಷದ ಒಳಗೆ ನಮಗೆ ಹೇಳ್ಬೇಕು."

ಗಲ್ಫಿನಲ್ಲಿರುವ ನಮ್ಮ ಗಂಡಸರಿಗೆ ಎರಡು ಸಿಮ್ ಇರುತ್ತದೆ. ಅಲ್ಲಿಯದು ಕಿಸೆಯಲ್ಲಿ, ಊರಿನದು ಹಳೆಯ ಫೋನಿನಲ್ಲಿ, ಆ ಫೋನು ಕೋಣೆಯ ಡ್ರಾಯರಿನಲ್ಲಿ. ಬ್ಯಾಂಕಿನ ಒಟಿಪಿ ಬೇಕಾದಾಗ ಮಾತ್ರ ಹೊರಗೆ ತೆಗೆಯುತ್ತಾರೆ. ಊರಿನ ನಂಬರಿಗೆ ಕಾಲ್ ಬಂದರೆ ರೋಮಿಂಗ್ ದುಬಾರಿಯೆಂದು ಕಟ್ ಮಾಡುತ್ತಾರೆ. ಇದು ಎಲ್ಲರಿಗೂ ಗೊತ್ತಿರುವ ಪದ್ಧತಿ. ರೋನಿಗೆ ರಜೆ ಇರುವ ಶುಕ್ರವಾರ ನೋಡಿಕೊಂಡು ನಾನು ಎರಡು ಸಲ ಕಚೇರಿಗೆ ಹೋದೆ. ಒಂದು ಶುಕ್ರವಾರ ಸರ್ವರ್ ಇರಲಿಲ್ಲ. ಇನ್ನೊಂದು ಶುಕ್ರವಾರ ರೋನಿ ನಿದ್ದೆ ಮಾಡಿದ್ದ. ಮಧ್ಯಾಹ್ನ ಎದ್ದು ಆ ಆರು ಅಂಕಿಗಳನ್ನು ಪ್ರೀತಿಯಿಂದ ನನಗೆ ಕಳಿಸಿ, "ಬಂದಿತ್ತು ನೋಡು" ಎಂದು ಬರೆದಿದ್ದ.

ಮುಂದಿನ ವರ್ಷ ಅವನು ಕೆಲಸ ಬಿಟ್ಟು ಬರುವವನು. ಅದಕ್ಕೆ ಮೊದಲು ಒಮ್ಮೆ ಬಂದು ನೋಡು ಎಂದು ಏಪ್ರಿಲ್‌ನಲ್ಲಿ ಕರೆಸಿಕೊಂಡ. ವೀಸಾ ಮಾಡಿಕೊಟ್ಟ ಹಂಪನಕಟ್ಟೆಯ ಏಜೆಂಟ್ ನನ್ನನ್ನು ಕೇಳದೆಯೇ ಉದ್ಯೋಗದ ಜಾಗದಲ್ಲಿ 'ಹೌಸ್‌ವೈಫ್' ಎಂದು ಹೊಡೆದ. ನಾನೂ ಸುಮ್ಮನೆ ತಲೆಯಾಡಿಸಿದೆ.

ತೋಟವನ್ನು ಪಕ್ಕದ ಮನೆಯ ಸುಮತಿಗೆ ಒಪ್ಪಿಸಿದೆ. ಸುಮತಿ ಬಸಳೆ, ಹರಿವೆ, ಅಲಸಂಡೆ ಬೆಳೆದು ಮಾರುವವಳು. ಅವಳ ತರಕಾರಿಯ ಜಾಗ ಮುಂಬೈಯ ಕ್ಯಾಂಟೀನಿನಲ್ಲಿರುವ ಅವಳ ಅಣ್ಣನ ಹೆಸರಿನಲ್ಲಿದೆ. "ನೀವು ಹೋಗಿ ಬನ್ನಿ ಬಾಯಮ್ಮ, ಮೊಗ್ಗು ನಾನು ಕೊಯ್ತೇನೆ. ಪೊರ್ಬುಗಳಿಗೆ ನನ್ನ ನಮಸ್ಕಾರ ಹೇಳಿ," ಎಂದಳು. ನಮ್ಮ ಕಡೆ ಕ್ರಿಸ್ತುವರ ಹೆಂಗಸಿಗೆ ಬಾಯಮ್ಮ, ಗಂಡಸಿಗೆ ಪೊರ್ಬು.

ಮಸ್ಕತ್ ವಿಮಾನ ನಿಲ್ದಾಣ

ನನ್ನ ಬ್ಯಾಗಿನಲ್ಲಿ ಏನೇನಿತ್ತು? ರೋನಿಗೆ ಒಣ ಸಿಗಡಿ ಚಟ್ನಿ, ಹಲಸಿನ ಹಪ್ಪಳ, ಮತ್ತು ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮಣ್ಣು ಸಮೇತ ಸತ್ತ ಮಲ್ಲಿಗೆಯ ಬೇರು. ಒಮಾನಿನ ಬೆಟ್ಟದ ಮೇಲೆ ಗುಲಾಬಿ ತೋಟಗಳಿವೆ, ನೋಡಲು ಹೋಗುವ ಎಂದು ರೋನಿ ಹೇಳಿದ್ದ. ಹೂವು ಬೆಳೆಯುವವರಿಗೆ ಹೂವಿನ ರೋಗ ಗೊತ್ತಿರುತ್ತದೆ, ತೋರಿಸಿದರೆ ಏನಾದರೂ ಹೇಳಿಯಾರು ಎಂಬುದು ನನ್ನ ಲೆಕ್ಕಾಚಾರ. ಊರಿನಲ್ಲಿ ಯಾರೂ ನೋಡದ ಬೇರನ್ನು ಸಮುದ್ರ ದಾಟಿಸಿ ತೋರಿಸಲು ಹೊರಟ ನನ್ನ ಬುದ್ಧಿಗೆ ಏನು ಹೇಳಬೇಕು!

ಬ್ಯಾಗು ತಪಾಸಣೆಯ ಯಂತ್ರದೊಳಗೆ ಹೋಗಿ ಬಂದ ಕೂಡಲೇ ಪಕ್ಕಕ್ಕೆ ಕರೆದರು. ತಲೆಗೆ ಕಪ್ಪು ವಸ್ತ್ರ ಸುತ್ತಿ ಸಮವಸ್ತ್ರ ಹಾಕಿದ್ದ ಹುಡುಗಿ, ನನ್ನ ಮಗಳ ವಯಸ್ಸಿನವಳು, ಹಪ್ಪಳವನ್ನು ಬದಿಗಿಟ್ಟು ಡಬ್ಬಿ ಎತ್ತಿದಳು. ನನ್ನದು ಹರುಕು ಇಂಗ್ಲಿಷ್, ಅವಳದೂ ಅಷ್ಟೇ, ಆದ್ದರಿಂದ ಮಾತು ಸುಲಭವಾಯಿತು.

"ಮಣ್ಣು ತರಬಾರದು. ಮಣ್ಣಿನಲ್ಲಿ ರೋಗ ಬರುತ್ತದೆ."

"ರೋಗ ಇದೆ ಎಂದೇ ತಂದದ್ದು," ಎಂದೆ.

ಅವಳು ನಗಲಿಲ್ಲ. ಡಬ್ಬಿಯನ್ನು ಬೆಳಕಿಗೆ ಹಿಡಿದು ಬೇರನ್ನು ನೋಡಿದಳು. "ನಿಮ್ಮ ತೋಟವಾ?"

ಓದುಗರೇ, ನಾನು ಏನು ಹೇಳಿದೆ ಗೊತ್ತೇ? "ಅಲ್ಲ, ಗಂಡನದು," ಎಂದೆ. ಯಾರೂ ಹೇಳಿಕೊಟ್ಟದ್ದಲ್ಲ, ಬಾಯಿಗೆ ತಾನಾಗಿಯೇ ಬಂತು.

"ಗಂಡ ಎಲ್ಲಿದ್ದಾರೆ?"

"ಇಲ್ಲೇ, ಮಸ್ಕತ್ತಿನಲ್ಲಿ. ಇಪ್ಪತ್ತೇಳು ವರ್ಷ."

ಹುಡುಗಿ ಹುಬ್ಬೇರಿಸಿದಳು. "ಹಾಗಾದರೆ ನೀರು ಹಾಕುವುದು ಯಾರು?"

ನಮ್ಮ ಊರಿನಲ್ಲಿ ಗುಮಾಸ್ತ ಕೇಳಬೇಕಿದ್ದ ಪ್ರಶ್ನೆ ಇದು. ಏಜೆಂಟ್ ಕೇಳಬೇಕಿತ್ತು, ಗೊಬ್ಬರದ ಅಂಗಡಿಯವನು ಕೇಳಬೇಕಿತ್ತು. ಯಾರೂ ಕೇಳಲಿಲ್ಲ. ಪರದೇಶದ ಹುಡುಗಿ, ನನ್ನ ಡಬ್ಬಿಯನ್ನು ಕಸದ ಬುಟ್ಟಿಗೆ ಹಾಕುವ ಮೊದಲು ಕೇಳಿದಳು. "ನಾನು," ಎಂದು ಹೇಳುವಾಗ ನನ್ನ ದನಿ ಏಕೋ ಗಟ್ಟಿಯಾಗಿಬಿಟ್ಟಿತು. ಪಕ್ಕದಲ್ಲಿ ಸೂಟ್‌ಕೇಸ್ ತೆರೆದುಕೊಂಡಿದ್ದವರು ತಿರುಗಿ ನೋಡಿದರು.

ರೋನಿಯ ಕೋಣೆ

ರೋನಿಯ ಮನೆಯೆಂದರೆ ಒಂದು ಕೋಣೆ, ಒಂದು ಅಡಿಗೆ ಕಟ್ಟೆ. ಗಂಡಸು ಒಬ್ಬನೇ ಇರುವ ಮನೆಗೆ ತೀರ ಚೊಕ್ಕ. ಮಸಾಲೆ ಡಬ್ಬಿಗಳ ಮೇಲೆ ಹೆಸರು ಬರೆದು ಅಂಟಿಸಿದ್ದ. ಸ್ಟೋರ್ ಕೀಪರ್ ಅಲ್ಲವೇ! ನಾನು ಬರುವ ದಿನವೆಂದು ಅಂಜಲ್ ಮೀನಿನ ಸಾರು ಮಾಡಿಟ್ಟಿದ್ದ, ಚೆನ್ನಾಗಿಯೇ ಇತ್ತು. ಅವನು ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ನಾನು ಅವನನ್ನು ಚೆನ್ನಾಗಿ ಬೈಯುವವಳಿದ್ದೇನೆ.

ಮರುದಿನ ಅವನು ಕೆಲಸಕ್ಕೆ ಹೋದ ಮೇಲೆ ಸೂಜಿ ದಾರ ಹುಡುಕುತ್ತ ಮೇಜಿನ ಡ್ರಾಯರ್ ಎಳೆದೆ. ಊರಿನ ಸಿಮ್ ಇರುವ ಫೋನು ಸಿಕ್ಕಿತು. ಚಾರ್ಜ್ ಇತ್ತು. ಬೀಗ ತೆರೆಯುವ ಅಂಕಿ ನಮ್ಮ ಮದುವೆಯ ತಾರೀಕು, ಅದು ನನಗೆ ಗೊತ್ತಿತ್ತು.

ಮೆಸೇಜುಗಳನ್ನು ಬೆರಳಿನಿಂದ ತಳ್ಳುತ್ತ ಹೋದೆ. ಬ್ಯಾಂಕು, ಬ್ಯಾಂಕು, ಸಿಮ್ ಕಂಪನಿ, ಮತ್ತೆ ಬ್ಯಾಂಕು. ಅದರ ನಡುವೆ ಒಂದು: 'ರೈತ ಬಾಂಧವರೇ, ಮಲ್ಲಿಗೆ ಮೊಗ್ಗು ಕೊರೆಯುವ ಹುಳುವಿನ ಹತೋಟಿಗೆ...' ಇನ್ನೊಂದು: 'ರೈತ ಬಾಂಧವರೇ, ಮಳೆಗಾಲಕ್ಕೆ ಮುನ್ನ...' ತಳ್ಳಿದಷ್ಟೂ ಬರುತ್ತಿತ್ತು. ವರ್ಷಗಟ್ಟಲೆಯದು. ಹುಳು ಬಂದಾಗ ಹುಳುವಿನ ವಿಷಯ, ಎಲೆ ಚುಕ್ಕೆ ಬಂದಾಗ ಎಲೆ ಚುಕ್ಕೆಯ ವಿಷಯ, ಕೊಂಬೆ ಸವರುವ ಕಾಲದಲ್ಲಿ ಸವರುವ ವಿಷಯ. ನಾನು ಪಡೀಲಿನಲ್ಲಿ ತಲೆ ಕೆರೆದುಕೊಂಡು ನಿಂತ ಒಂದೊಂದು ದಿನಕ್ಕೂ ಉತ್ತರ ಮಸ್ಕತ್ತಿನ ಈ ಡ್ರಾಯರಿಗೆ ಬಂದು ಬಿದ್ದಿತ್ತು.

ಒಂದನ್ನಂತೂ ಮೂರು ಸಲ ಓದಿದೆ. ಮಲ್ಲಿಗೆ ಬೆಳೆಗಾರರಿಗೆ ಒಂದು ದಿನದ ತರಬೇತಿ, ಬೇರು ಕೊಳೆಯುವ ರೋಗದ ಬಗ್ಗೆ ಮಾಹಿತಿ, ಊಟದ ವ್ಯವಸ್ಥೆ ಇದೆ. ಜಾಗ, ಪಡೀಲಿನ ಸಭಾಭವನ. ನಮ್ಮ ಗೇಟಿನಿಂದ ನಡೆದು ಹೋದರೆ ಹತ್ತು ನಿಮಿಷ! ಆ ದಿನ ನಾನು ಆ ಸಭಾಭವನದ ಎದುರಿನಿಂದಲೇ ಹೂವಿನ ಬುಟ್ಟಿ ಹಿಡಿದುಕೊಂಡು ಹೋಗಿರುತ್ತೇನೆ. ಒಳಗೆ ಮೈಕಿನಲ್ಲಿ ಯಾರೋ ಮಾತಾಡುತ್ತಿದ್ದುದನ್ನು ಕೇಳಿ ಯಾರದೋ ನಿಶ್ಚಿತಾರ್ಥವೆಂದು ನೆನೆಸಿರುತ್ತೇನೆ.

ಆಮೇಲೆ ಬಂದ ಕಾಲುಗಳ ಪಟ್ಟಿ ನೋಡಿದೆ. ಎರಡು ವಾರದ ಹಿಂದೆ ಮಂಗಳೂರಿನ ಒಂದು ಲ್ಯಾಂಡ್‌ಲೈನಿನಿಂದ ಒಂದು ಕಾಲ್. ಕಟ್ ಮಾಡಲಾಗಿದೆ.

ಸಂಜೆ ರೋನಿ ಒಳಗೆ ಬಂದು ಶೂ ಬಿಚ್ಚುವ ಮೊದಲೇ ಫೋನು ಅವನ ಮೂಗಿನ ಕೆಳಗೆ ಹಿಡಿದೆ. "ಇದು ಕಚೇರಿಯ ನಂಬರ್. ನೀನು ಕಟ್ ಮಾಡಿದ್ದಿ. ಇನ್ನು ಒಂದೇ ಸಲ ಬರುದು. ಅದೂ ಹೋದರೆ ಅರ್ಜಿಯೂ ಹೋಯಿತು, ತೋಟವೂ ಹೋಯಿತು."

ಮಳೆಗೆ ಇನ್ನು ಆರೇಳು ವಾರ ಇತ್ತು. ಮಳೆ ಬಿದ್ದರೆ ಉಳಿದ ಗಿಡಗಳೂ ಅದೇ ದಾರಿ ಹಿಡಿಯುತ್ತವೆ ಎಂದು ನನಗೆ ಖಾತ್ರಿಯಿತ್ತು.

"ಗೊತ್ತಾಗ್ಲಿಲ್ಲ ಸಿಲ್ವಿ. ಸಾಲ ಬೇಕಾ ಅಂತ ಕೇಳುವ ಫೋನ್ ಅಂತ ನೆನೆಸಿದೆ."

"ಈ ಮೆಸೇಜುಗಳು?"

"ಅದೆಲ್ಲ ಸರ್ಕಾರದ್ದು ಮಾರಾಯ್ತಿ, ಸುಮ್ನೆ ಬರ್ತಾ ಇರ್ತದೆ. ಸಮಯ ಸಿಕ್ಕಿದಾಗ ನೋಡಿ ನಿನಗೆ ಫಾರ್ವರ್ಡ್ ಮಾಡುವ ಅಂತ ಇದ್ದೆ."

ಸಮಯ ಸಿಕ್ಕಿದಾಗ! ಅಂದಿನಿಂದ ಆ ಫೋನು ನನ್ನ ಕೈಯಲ್ಲೇ ಇತ್ತು. ಸ್ನಾನಕ್ಕೆ ಹೋಗುವಾಗಲೂ ಬಚ್ಚಲಿನ ಕಿಟಕಿಯ ಮೇಲಿಡುತ್ತಿದ್ದೆ.

ಮತ್ರಾ ಸೂಕ್

ಮತ್ರಾ ಸೂಕ್ ಎಂಬುದು ಸಮುದ್ರದ ಬದಿಯ ಹಳೆಯ ಪೇಟೆ. ನಮ್ಮ ಬಂದರಿನ ಓಣಿಗಳಿಗೆ ಮಾಡು ಹಾಕಿ, ಮೀನಿನ ವಾಸನೆ ತೆಗೆದು, ಧೂಪದ ಹೊಗೆ ತುಂಬಿಸಿದರೆ ಹೇಗೋ ಹಾಗೆ. ಅಂಗಡಿಯವರು ಕೈ ಹಿಡಿದು ಎಳೆಯದಿದ್ದರೂ ಕಣ್ಣಿನಲ್ಲೇ ಎಳೆಯುತ್ತಾರೆ. ಒಬ್ಬ ಮುದುಕ ನನ್ನ ಮುಡಿಯಲ್ಲಿದ್ದ ಬಾಡಿದ ಮಲ್ಲಿಗೆಯನ್ನು ಮೂಸಿ ನೋಡುವವನಂತೆ ಮೂಗೆಳೆದು, ಒಂದು ಅತ್ತರಿನ ಸೀಸೆ ತೆಗೆದು ನನ್ನ ಮಣಿಕಟ್ಟಿಗೆ ಹಚ್ಚಿದ. ಮಲ್ಲಿಗೆಯದೇ ಪರಿಮಳ. ಬೇರೆ ದಿನವಾಗಿದ್ದರೆ ಖುಷಿಯಾಗುತ್ತಿತ್ತು. ಆ ದಿನ ಸತ್ತ ಮೂವತ್ತೆಂಟು ಗಿಡಗಳು ಕಣ್ಣೆದುರು ಬಂದವು.

ನಮ್ಮನ್ನು ಕಾರಿನಲ್ಲಿ ಕರೆದುಕೊಂಡು ಹೋಗಿದ್ದವನು ರೋನಿಯ ಗೆಳೆಯ ಅಶ್ರಫ್. ಬಂದರಿನ ಬ್ಯಾರಿ ಕುಟುಂಬದವನು, ಹದಿನೈದು ವರ್ಷಗಳಿಂದ ರೋನಿಯ ಕಂಪನಿಯಲ್ಲೇ ಡ್ರೈವರ್. ಬಾಯಿ ತುಂಬ ಮಾತು. ಚಹಾ ಕುಡಿಯುತ್ತ ಹೇಳಿದ:

"ಸಿಲ್ವಿಯಕ್ಕ, ಇಲ್ಲಿ ನಮಗೆಲ್ಲ ರೋನಿಯಣ್ಣನೇ ಕೃಷಿ ಮೇಷ್ಟ್ರು, ಗೊತ್ತುಂಟಾ? ನನ್ನ ಬಾಲ್ಕನಿಯ ಬಸಳೆ ಸತ್ತೇ ಹೋಗಿತ್ತು ಮಾರಾಯ್ರೆ. ಹೋದ ವರ್ಷ ಊರಿನಲ್ಲಿ ಮಳೆ ಶುರುವಾಗುವಾಗ ಇವರು ಒಂದು ಮೆಸೇಜ್ ಕಳಿಸಿದ್ರು. ಬುಡದಲ್ಲಿ ನೀರು ನಿಲ್ಲಬಾರದಂತೆ, ಸೆಗಣಿ ನೀರು ಮಳೆಗಾಲದಲ್ಲಿ ಹಾಕ್ಬಾರದಂತೆ, ಬೇರು ಕೊಳೀತದಂತೆ. ಬಕೆಟಿಗೆ ತೂತು ಮಾಡಿದೆ ನೋಡಿ. ಈಗ ಬಸಳೆ ಮೇಲಿನ ಮಾಳಿಗೆಗೆ ಹತ್ತಿದೆ!"

ಅವನು ಫೋಟೋ ತೋರಿಸಿದ. ಎಲೆಗಳು ಅಂಗೈಯಷ್ಟಗಲ ಇದ್ದವು.

ನಾನು ಲೋಟ ಕೆಳಗಿಟ್ಟೆ. ಕಳೆದ ಮಳೆಗಾಲದಲ್ಲಿ, ಗಿಡಗಳಿಗೆ ಬಲ ಬರಲಿ ಎಂದು, ನಾನು ಪ್ರತಿ ಬುಡದ ಸುತ್ತ ಮಣ್ಣು ಏರಿಸಿ, ನಡುವೆ ತಗ್ಗು ಮಾಡಿ ಸೆಗಣಿ ನೀರು ಹೊಯ್ದಿದ್ದೆ. ನನ್ನ ಕೈಯಾರೆ. ಎಲ್ಲಿಯೂ ಓದಿರಲಿಲ್ಲ, ಯಾರೂ ಹೇಳಿರಲಿಲ್ಲ, ಅಮ್ಮ ಗುಡ್ಡದ ಇಳಿಜಾರಿನಲ್ಲಿ ಮಾಡುತ್ತಿದ್ದುದನ್ನು ನಾನು ತಗ್ಗಿನ ಜಾಗದಲ್ಲಿ ಮಾಡಿದೆ. ಅದೇ ಸಮಯಕ್ಕೆ ಬಂದ ಮೆಸೇಜನ್ನು ನನ್ನ ಗಂಡ ತೆರೆದು ಓದಿದ್ದಾನೆ, ಫಾರ್ವರ್ಡ್ ಕೂಡ ಮಾಡಿದ್ದಾನೆ, ಮಸ್ಕತ್ತಿನ ಒಂದು ಬಕೆಟ್ಟಿಗೆ!

"ಒಂದು ಬೆರಳು, ರೋನಿ," ಎಂದೆ. "ಅಶ್ರಫನ ಹೆಸರಿನ ಕೆಳಗೆ ನನ್ನ ಹೆಸರಿತ್ತು. ಇನ್ನೊಂದು ಸಲ ಬೆರಳು ಒತ್ತಿದ್ರೆ ಸಾಕಿತ್ತು."

"ನಿನಗೆ ಇದೆಲ್ಲ ಗೊತ್ತಿರ್ತದೆ ಅಂತ..."

"ಯಾರು ಹೇಳಿ ಗೊತ್ತಿರ್ತದೆ? ಗೊತ್ತಿರುವವರೆಲ್ಲ ನಿನಗೇ ಹೇಳ್ತಾ ಇದ್ದಾರಲ್ಲ!"

ಅಶ್ರಫ್ ಚಹಾದ ಲೋಟದೊಳಗೆ ನೋಡುತ್ತ ಕೂತ. ಪಾಪ, ಅವನದೇನು ತಪ್ಪು? ಬಸಳೆ ಚೆನ್ನಾಗಿ ಬಂದಿತ್ತು.

ಜಬಲ್ ಅಖ್ದರ್

ಹೆಸರಿನ ಅರ್ಥ ಹಸಿರು ಬೆಟ್ಟ. ಕೆಳಗಿನಿಂದ ನೋಡಿದರೆ ಹಸಿರು ಎಲ್ಲಿಯೂ ಇಲ್ಲ, ಬರೀ ಕಂದು ಬಂಡೆ. ದಾರಿಯಲ್ಲಿ ಪೊಲೀಸರು ನಿಲ್ಲಿಸಿ, ಗಾಡಿಗೆ ನಾಲ್ಕು ಚಕ್ರಕ್ಕೂ ಎಂಜಿನ್ ಬಲ ಇದೆಯೋ ಎಂದು ನೋಡಿಯೇ ಮೇಲೆ ಬಿಡುತ್ತಾರೆ. ಅಶ್ರಫ್ ಯಾರದೋ ದೊಡ್ಡ ಗಾಡಿ ತಂದಿದ್ದ. ತಿರುವುಗಳಲ್ಲಿ ನಾನು ಜಪಮಾಲೆ ಹಿಡಿದಿದ್ದೆ, ಇನ್ನೊಂದು ಕೈಯಲ್ಲಿ ಫೋನು.

ಮೇಲೆ ಹೋದರೆ ಬೆಟ್ಟದ ಅಂಚಿಗೆ ಮೆಟ್ಟಿಲಿನಂತೆ ಕಟ್ಟಿದ ಪುಟ್ಟ ಪುಟ್ಟ ಗದ್ದೆಗಳು. ಅದರಲ್ಲಿ ಗುಲಾಬಿ. ನಮ್ಮ ಹೂವಿನ ಅಂಗಡಿಯ ಗಟ್ಟಿ ಗುಲಾಬಿಯಲ್ಲ, ತೆಳು ಎಸಳಿನ ನಸುಗೆಂಪು ಹೂವು. ಬೆಳಿಗ್ಗೆ ಕೊಯ್ದು, ಮಣ್ಣಿನ ಒಲೆಯ ಮೇಲೆ ಕುದಿಸಿ, ಪನ್ನೀರು ಇಳಿಸುತ್ತಾರೆ. ಕಲ್ಲಿನ ಸಣ್ಣ ತೋಡಿನಲ್ಲಿ ನೀರು ಒಂದು ಗದ್ದೆಯಿಂದ ಇನ್ನೊಂದಕ್ಕೆ ಓಡುತ್ತದೆ. ಓಡುತ್ತದೆ ಎಂಬುದನ್ನು ಗಮನಿಸಿದೆ. ಎಲ್ಲಿಯೂ ನಿಲ್ಲುತ್ತಿರಲಿಲ್ಲ.

ತೋಟದ ಯಜಮಾನನೆಂದು ಒಬ್ಬ ನಡುವಯಸ್ಸಿನ ಗಂಡಸು ಬಂದು ರೋನಿಯ ಕೈ ಕುಲುಕಿದ. ಬಿಳಿ ನಿಲುವಂಗಿ, ಇಸ್ತ್ರಿ ಒಂದಿಷ್ಟೂ ಮುರಿದಿಲ್ಲ. ಅಶ್ರಫನಿಗೆ ಅರಬ್ಬಿ ಬರುತ್ತದೆ. "ಇವರೂ ಊರಿನಲ್ಲಿ ಹೂವಿನ ಕೃಷಿಕರು" ಎಂದು ರೋನಿಯನ್ನು ಪರಿಚಯ ಮಾಡಿಸಿದನಂತೆ. ಇಬ್ಬರು ಗಂಡಸರು ಗುಲಾಬಿ, ಮಲ್ಲಿಗೆಯ ಬಗ್ಗೆ ಗಂಭೀರವಾಗಿ ಮಾತಾಡಿದರು. ರೋನಿ ತಲೆಯಾಡಿಸುವ ಚೆಂದ ನೋಡಬೇಕಿತ್ತು!

ಕೆಳಗಿನ ಗದ್ದೆಯಲ್ಲಿ ಒಬ್ಬ ಮುದುಕಿ ಬಾಗಿ ಹೂವು ಕೊಯ್ಯುತ್ತಿದ್ದಳು. ಆ ಯಜಮಾನನ ತಾಯಿ. ಅವಳ ಕೈಗಳನ್ನು ನೋಡಿದರೇ ಸಾಕು, ತೋಟ ಯಾರದು ಎಂದು ಗೊತ್ತಾಗುತ್ತಿತ್ತು. ಬೆರಳ ಸಂದಿಯಲ್ಲೆಲ್ಲ ಮುಳ್ಳಿನ ಗೀರು. ನಾನು ಇಳಿದು ಅವಳ ಪಕ್ಕದಲ್ಲಿ ಕೂತೆ, ಕೇಳದೆಯೇ ಕೊಯ್ಯತೊಡಗಿದೆ. ಅವಳು ನನ್ನ ಕೈಯ ಓಟ ನೋಡಿ ಏನೋ ಅಂದಳು. ನಾನು ಮಣ್ಣಿನ ಮೇಲೆ ಗಿಡದ ಚಿತ್ರ ಬರೆದು ಬೇರಿಗೆ ಅಡ್ಡಗೆರೆ ಎಳೆದೆ. ಅವಳು ಎದ್ದು, ಒಂದು ಗುಲಾಬಿಯ ಬುಡದಿಂದ ಮಣ್ಣನ್ನು ಹೊರಕ್ಕೆ ಎಳೆದು, ಬದಿಯಲ್ಲಿ ಬೆರಳಿನಿಂದ ದಾರಿ ಕೊರೆದು, ನೀರಿಗೆ ಅಲ್ಲಿಂದ ಹೋಗು ಎಂಬಂತೆ ಕೈಬೀಸಿದಳು. ಮೇಲೆ ಅವಳ ಮಗ ಇನ್ನೂ ರೋನಿಗೆ ವಿವರಿಸುತ್ತಲೇ ಇದ್ದ.

ಆಗ ಫೋನು ಬಂತು. ಊರಿನ ಒಂದು ಮೊಬೈಲ್ ನಂಬರ್. ಬೆಟ್ಟದ ಮೇಲೆ ಸಿಗ್ನಲ್ ಇದ್ದದ್ದು ಮಾತೆ ಮರಿಯಳ ಕೃಪೆ.

"ಹಲೋ, ರೊನಾಲ್ಡ್ ಅವರಾ?"

"ನಾನು ಸಿಲ್ವಿಯಾ. ಮಲ್ಲಿಗೆ ತೋಟದವಳು. ಅರ್ಜಿ ಕೊಟ್ಟವಳು ನಾನೇ."

"ನಾನು ಫೀಲ್ಡ್ ಆಫೀಸರ್ ಮೇಡಂ. ನಿಮ್ಮ ಗೇಟಿನ ಹತ್ತಿರ ಇದ್ದೇನೆ. ಯಜಮಾನರಿಗೆ ಕೊಡಿ."

"ಏನು ಕೇಳಬೇಕೋ ನನ್ನನ್ನು ಕೇಳಿ."

"ಇಲ್ಲ ಮೇಡಂ, ಅವರ ಹೇಳಿಕೆ ಬರೆದುಕೊಳ್ಳಬೇಕು. ಅವರು ಇಲ್ಲವೆಂದರೆ ಸಂಪರ್ಕಕ್ಕೆ ಸಿಗಲಿಲ್ಲ ಎಂದು ಹಾಕ್ತೇನೆ."

ಮೂರು ಗದ್ದೆಗಳನ್ನು ಹತ್ತಿ ಓಡಿದೆ. ಏದುಸಿರು ಬಿಡುತ್ತ ಫೋನನ್ನು ಸ್ಪೀಕರಿಗೆ ಹಾಕಿ ರೋನಿಯ ಮುಂದೆ ಹಿಡಿದೆ.

"ಎಷ್ಟು ಗಿಡ ಸಾರ್?"

ರೋನಿ ನನ್ನ ಮುಖ ನೋಡಿದ. ನಾನು ಹೇಳಿದೆ. ಅವನು ಅದನ್ನೇ ಹೇಳಿದ. ಆಫೀಸರ್ ಬರೆದುಕೊಂಡ. ಎಷ್ಟು ವರ್ಷದ ಗಿಡ? ರೋನಿ ನನ್ನನ್ನು ನೋಡಿದ, ನಾನು ಹೇಳಿದೆ, ಅವನು ಹೇಳಿದ. ಯಾವಾಗಿನಿಂದ ಸೊರಗಿದೆ? ಮತ್ತೆ ಅದೇ. ಪಡೀಲಿನ ಗೇಟಿನಲ್ಲಿ ನಿಂತವನ ಪ್ರಶ್ನೆ ಒಮಾನಿನ ಬೆಟ್ಟ ಹತ್ತಿ, ನನ್ನ ಗಂಡನ ಕಿವಿಗೆ ಹೋಗಿ, ನನ್ನ ಬಾಯಿಗೆ ಬಂದು, ಮತ್ತೆ ಗಂಡನ ಬಾಯಿಯಿಂದ ಹೊರಟು ಪಡೀಲಿಗೆ ಹೋಗುತ್ತಿತ್ತು. ನಾನು ಹೇಳಿದ್ದು ಆಫೀಸರಿಗೆ ಸ್ಪಷ್ಟವಾಗಿಯೇ ಕೇಳಿಸುತ್ತಿತ್ತು! ಆದರೂ ರೋನಿ ಹೇಳಿದ ಮೇಲೆಯೇ ಬರೆಯುತ್ತಿದ್ದ.

"ಬುಡಕ್ಕೆ ಏನು ಹಾಕಿದ್ರಿ ಸಾರ್?"

ರೋನಿ ನನ್ನನ್ನು ನೋಡಿದ. ನಾನು ಬಾಯಿ ಮುಚ್ಚಿಕೊಂಡೆ.

"ಹೇಳು ಸಿಲ್ವಿ," ಎಂದು ಪಿಸುಗುಟ್ಟಿದ.

ನಾನು ಹೇಳಲಿಲ್ಲ. ಇದು ಸರಿಯೋ ತಪ್ಪೋ ಗೊತ್ತಿಲ್ಲ. ಫೋನ್ ಇಟ್ಟುಬಿಟ್ಟರೆ ತೋಟ ಹೋಗುತ್ತದೆ ಎಂದು ಗೊತ್ತಿತ್ತು, ಆದರೂ ನಾಲಿಗೆ ಏಳಲಿಲ್ಲ. ಆಫೀಸರ್ "ಹಲೋ, ಹಲೋ" ಎನ್ನುತ್ತಿದ್ದ. ರೋನಿಯ ಹಣೆಯಲ್ಲಿ ಬೆವರು ಬಂತು. ಗುಲಾಬಿ ತೋಟದ ಯಜಮಾನ ಎದುರಿಗೇ ನಿಂತು ನೋಡುತ್ತಿದ್ದ.

"ಸಾರ್," ಎಂದ ರೋನಿ ಕೊನೆಗೆ. "ನನಗೆ ಎಂತದೂ ಗೊತ್ತಿಲ್ಲ. ನಾನು ಆ ತೋಟದಲ್ಲಿ ಒಂದು ಗಿಡ ನೆಟ್ಟವನಲ್ಲ. ಕೃಷಿ ಮಾಡುದು ಇವಳು."

ಆಫೀಸರ್ ಬಹಳ ವಿನಯದಿಂದ ಹೇಳಿದ: "ಪರವಾಗಿಲ್ಲ ಸಾರ್. ಅವರನ್ನು ಕೇಳಿ ನೀವೇ ಹೇಳಿ."

ನಾನು ಫೋನನ್ನು ಕಿತ್ತುಕೊಂಡೆ. "ಸುಮತೀ!" ಎಂದು ಬೆಟ್ಟವೇ ಕೇಳುವಂತೆ ಕೂಗಿದೆ. "ಅಲ್ಲಿದ್ದೀಯಾ?"

"ಹೌದು ಬಾಯಮ್ಮ, ಇಲ್ಲೇ ಇದ್ದೇನೆ," ಎಂದು ಗೇಟಿನ ಒಳಗಿನಿಂದ ಸುಮತಿಯ ದನಿ ಬಂತು.

"ಮೂರನೇ ಸಾಲಿನ ಕೊನೆಯ ಗಿಡ ಉಂಟಲ್ಲ, ಬಾಡಿದ್ದು. ಅದನ್ನು ಕಿತ್ತು ಆ ಸಾರಿನ ಕೈಯಲ್ಲಿ ಕೊಡು. ಹೇಳಿಕೆ ಅದೇ ಕೊಡ್ತದೆ."

ಸುಮತಿ ಕೊಟ್ಟಳು. ಕಪ್ಪು ಬೇರು ಕೈಗೆ ಬಂದ ಮೇಲೆ ಆಫೀಸರಿನ ದನಿ ಬೇರೆಯಾಯಿತು. ಅವನಿಗೆ ಕೆಲಸ ಗೊತ್ತಿತ್ತು, ಸುಳ್ಳು ಹೇಳಬಾರದು. "ಸೆಗಣಿ ನೀರು ಹಾಕಿದ್ರಾ ಅಮ್ಮ?" ಎಂದು ನೇರವಾಗಿ ನನ್ನನ್ನೇ ಕೇಳಿದ. ಹಾಕಿದೆ ಎಂದೆ. ಜಾಗ ತಗ್ಗು, ನೀರು ನಿಲ್ಲುತ್ತಿದೆ, ಸಾಲಿನ ಮಧ್ಯೆ ಮೊಣಕಾಲಿನಷ್ಟು ಆಳದ ಕಣಿ ತೆಗೆಯಬೇಕು, ಸತ್ತ ಗಿಡಗಳನ್ನು ಕಿತ್ತು ಸುಡಬೇಕು, ಏರಿಸಿದ ಮಣ್ಣನ್ನು ಬುಡದಿಂದ ಬಿಡಿಸಬೇಕು. ಬೇರಿನ ರೋಗ ತಡೆಯುವ ಪುಡಿಯನ್ನು ಕಚೇರಿಯಿಂದಲೇ ಕೊಡುತ್ತೇವೆ, ಒಣಗಿದ ಹಟ್ಟಿಗೊಬ್ಬರಕ್ಕೆ ಬೆರೆಸಿ ಹಾಕಬೇಕು. ಇಷ್ಟನ್ನು ಮಳೆಗೆ ಮೊದಲು ಮಾಡಿದರೆ ಉಳಿದದ್ದು ಉಳಿಯುತ್ತದೆ.

ಹತ್ತು ನಿಮಿಷದ ಮಾತು. ಹತ್ತು ನಿಮಿಷ! ಇದಕ್ಕಾಗಿ ನಾನು ಮೂವತ್ತೆಂಟು ಗಿಡ ಕಳೆದುಕೊಂಡು, ಸಮುದ್ರ ದಾಟಿ, ಬೆಟ್ಟ ಹತ್ತಬೇಕಾಯಿತು. ನಾನು ಅತ್ತೆ. ದುಃಖದಿಂದಲ್ಲ, ಸಿಟ್ಟಿನಿಂದ. ಮುದುಕಿ ಕೆಳಗಿನಿಂದ ಮೇಲೆ ಬಂದು ನನ್ನ ಮಡಿಲಿಗೆ ಒಂದು ಬೊಗಸೆ ಗುಲಾಬಿ ಸುರಿದು, ಮಗನಿಗೆ ಏನೋ ಗದರಿದಳು. ಅಶ್ರಫ್ ಅದನ್ನು ನಮಗೆ ಅನುವಾದ ಮಾಡಲಿಲ್ಲ.

ಮತ್ತೆ ರೋನಿಯ ಕೋಣೆ

ಹೊರಡುವ ದಿನ ಬೆಳಿಗ್ಗೆ ನಾನು ಸೂಜಿಯಿಂದ ಆ ಫೋನಿನ ಸಿಮ್ ಹೊರಗೆ ತೆಗೆದು ನನ್ನ ಫೋನಿನ ಎರಡನೇ ಜಾಗಕ್ಕೆ ಹಾಕಿದೆ. ನಂಬರ್ ಬದಲಿಸಲು ಒಪ್ಪಿಗೆಯಿದೆ ಎಂಬ ಕಾಗದಕ್ಕೆ ರೋನಿಯಿಂದ ಸಹಿ ಹಾಕಿಸಿಕೊಂಡೆ. ಸಹಿಯನ್ನು ಕೂಡಲೇ ಹಾಕಿದ. ಸಿಮ್ ವಿಷಯಕ್ಕೆ ಗಾಬರಿಯಾದ.

"ಬ್ಯಾಂಕಿನ ಒಟಿಪಿ ಬಂದ್ರೆ ನಾನೆಂತ ಮಾಡುದು ಸಿಲ್ವಿ?"

"ಸಮಯ ಸಿಕ್ಕಿದಾಗ ಫಾರ್ವರ್ಡ್ ಮಾಡ್ತೇನೆ."

ಅವನು ನಗಲಿಲ್ಲ, ನಾನೂ ನಗಲಿಲ್ಲ. ನನ್ನ ಸೂಟ್‌ಕೇಸನ್ನು ಲಿಫ್ಟಿನವರೆಗೆ ಅವನೇ ಎತ್ತಿಕೊಂಡು ಬಂದ.

ಮಂಗಳೂರು

ಬಂದ ಮೂರನೇ ದಿನ ಕಚೇರಿಗೆ ಹೋದೆ. ಗುಮಾಸ್ತ ಕಂಪ್ಯೂಟರಿನಿಂದ ತಲೆ ಎತ್ತಿ, "ಯಜಮಾನರು ಬಂದಿದ್ದಾರಾ ಅಮ್ಮ?" ಎಂದು ಕೇಳಿದ.

ಫೋನನ್ನು ಅವನ ಮೇಜಿನ ಮೇಲಿಟ್ಟೆ. "ಬಂದಿದ್ದಾರೆ. ಇದರ ಒಳಗೆ ಇದ್ದಾರೆ. ಒಟಿಪಿ ಕಳಿಸಿ."

ಕಳಿಸಿದ. ಮೇಜಿನ ಮೇಲೆಯೇ ಟಿಂಗ್ ಎಂದಿತು. ಆರು ಅಂಕಿಗಳನ್ನು ಓದಿ ಹೇಳಿದೆ. ತಿಂಗಳುಗಟ್ಟಲೆ ಆಗದ ಕೆಲಸ ಅರ್ಧ ನಿಮಿಷದಲ್ಲಿ ಆಯಿತು. ಆಫೀಸರ್ ಬರೆದ ವರದಿಯ ಪ್ರತಿಯನ್ನೂ ಕೊಟ್ಟ. ಅದರಲ್ಲಿ 'ಕೃಷಿಕರಾದ ಶ್ರೀ ರೊನಾಲ್ಡ್ ಅವರಿಗೆ ಸೂಕ್ತ ಸಲಹೆ ನೀಡಲಾಗಿದೆ' ಎಂದಿತ್ತು. ಪುಡಿಯ ಎರಡು ಪ್ಯಾಕೆಟ್ ತೆಗೆದುಕೊಂಡು, ವರದಿಯನ್ನು ನಾಲ್ಕಾಗಿ ಮಡಚಿ ಚೀಲಕ್ಕೆ ಹಾಕಿ, ಪಡೀಲಿನ ಬಸ್ಸು ಹತ್ತಿದೆ.

ಮರುದಿನ ಸುಮತಿ ಮತ್ತು ನಾನು ಕಣಿ ತೆಗೆಯುತ್ತಿದ್ದೆವು, ನಾನು ಅವಳಿಗೆ ಮಸ್ಕತ್ತಿನ ಡ್ರಾಯರಿನ ಕಥೆ ಹೇಳುತ್ತಿದ್ದೆ. ಮೊಣಕಾಲಿನವರೆಗೆ ಮಣ್ಣು. ನನ್ನ ಫೋನು ಟಿಂಗ್ ಎಂದಿತು. ಕೈ ಒರೆಸಿಕೊಂಡು ನೋಡಿದರೆ ಕಚೇರಿಯ ಮೆಸೇಜು, ನನ್ನದೇ ನಂಬರಿಗೆ ಬಂದ ಮೊದಲನೆಯದು. 'ಶ್ರೀ ರೊನಾಲ್ಡ್ ರವರೇ, ಮಳೆಗಾಲಕ್ಕೆ ಮುನ್ನ ಮಲ್ಲಿಗೆ ಹಾಗೂ ತರಕಾರಿ ಬೆಳೆಗಳಲ್ಲಿ...' ಗಟ್ಟಿಯಾಗಿ ಓದಿದೆ, ಸುಮತಿಗೂ ಕೇಳಲಿ ಎಂದು. ಬಸಳೆಯ ಬೇರಿನ ಗಂಟು ರೋಗದ ವಿಷಯವೂ ಅದರಲ್ಲಿತ್ತು.

ಸುಮತಿ ಹಾರೆಯ ಮೇಲೆ ಎರಡೂ ಕೈಯಿಟ್ಟು ನಿಂತು ಕೊನೆಯವರೆಗೆ ಕೇಳಿದಳು. ಹೋದ ವರ್ಷ ಅವಳ ಬಸಳೆ ಚಪ್ಪರ ಪೂರ್ತಿ ಮಲಗಿತ್ತು, ಬೇರಿನಲ್ಲಿ ಗಂಟು ಗಂಟು ಇತ್ತು. ಅದು ಯಾರದೋ ಕಣ್ಣು ಬಿದ್ದದ್ದೆಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವು.

"ಬಾಯಮ್ಮ," ಎಂದಳು, "ಇಂಥದ್ದು ನನ್ನ ತೋಟಕ್ಕೂ ಬರ್ತಾ ಇತ್ತಾ?"

"ಬರ್ತಾ ಇರ್ಬೇಕು."

ಅವಳು ಅಣ್ಣನ ಹೆಸರಿನಲ್ಲಿರುವ ತನ್ನ ಜಾಗದ ಕಡೆಗೆ ಒಮ್ಮೆ ನೋಡಿದಳು. ಆಮೇಲೆ ನನ್ನ ಕಡೆಗೆ ತಿರುಗಿದಳು.

"ಹಾಗಾದ್ರೆ ಮುಂಬೈಯಲ್ಲಿ ಯಾವ ಡ್ರಾಯರಿನಲ್ಲಿ ಉಂಟು ನನ್ನದು?"